ಹೂ ತರಲು ಹೊರಟ ಹೆಂಗಸಿನ ಕಥೆಯಲ್ಲಿ ಯುದ್ಧ ಎಲ್ಲಿದೆ?

ಓದುಗರ ಪ್ರಶ್ನೆ: "ಮೇಡಂ, ನಾನು ಅಂಚೆ ಇಲಾಖೆಯಲ್ಲಿ 36 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಾಸ್ತಿ, ಕಾರಂತ, ತ್ರಿವೇಣಿ, ಭೈರಪ್ಪ ಎಲ್ಲರನ್ನೂ ಓದಿದ್ದೇನೆ. ಇಂಗ್ಲಿಷ್ ಕಾದಂಬರಿಯನ್ನೂ ನಿಧಾನವಾಗಿ ಓದಬಲ್ಲೆ. ಡಿಕನ್ಸ್ ಓದಿ ಕಣ್ಣೀರು ಹಾಕಿದವನು ನಾನು. ಮಗಳು ಎಂ.ಎ. ಇಂಗ್ಲಿಷ್ ಮಾಡುತ್ತಿದ್ದಾಳೆ. ಅವಳ ಪಠ್ಯದಲ್ಲಿರುವ ವರ್ಜೀನಿಯಾ ವುಲ್ಫ್ ಬರೆದ 'ಮಿಸೆಸ್ ಡಾಲೊವೆ' ಎತ್ತಿಕೊಂಡೆ. ಒಬ್ಬ ದೊಡ್ಡ ಮನೆ ಹೆಂಗಸು ಬೆಳಿಗ್ಗೆ ಹೂ ತರಲು ಹೋಗುತ್ತಾಳೆ, ಸಂಜೆ ಮನೆಯಲ್ಲಿ ಪಾರ್ಟಿ. ಅಷ್ಟೇ. ಅಧ್ಯಾಯಗಳೇ ಇಲ್ಲ. ಯಾರು ಬಾಯಿಬಿಟ್ಟು ಮಾತಾಡ್ತಿದ್ದಾರೆ, ಯಾರು ಮನಸ್ಸಿನಲ್ಲೇ ಅಂದುಕೊಳ್ತಿದ್ದಾರೆ ಗೊತ್ತಾಗಲ್ಲ. ನಲವತ್ತು ಚಿಲ್ಲರೆ ಪುಟಕ್ಕೆ ನಿಲ್ಲಿಸಿದೆ. ಮಗಳ ಗೈಡಿನಲ್ಲಿ 'ಮೊದಲ ಮಹಾಯುದ್ಧ ಎಲ್ಲ ಮೌಲ್ಯಗಳನ್ನೂ ನಾಶ ಮಾಡಿತು, ಆದ್ದರಿಂದ ಲೇಖಕರು ಸಂಪ್ರದಾಯವನ್ನು ತೊರೆದರು' ಅಂತ ಇದೆ. ಹೂ ತರೋ ಕಥೆಗೂ ಯುದ್ಧಕ್ಕೂ ಏನು ಸಂಬಂಧ? ಯುದ್ಧವೇ ಆಗದ ನಮ್ಮಲ್ಲಿ ನವ್ಯದವರೂ ಹಾಗೇ ಬರೆದರಲ್ಲ, ಅದಕ್ಕೇನು ಕಾರಣ? ನಾನು ಮತ್ತೆ ಓದಬೇಕಾ, ಬಿಡಬೇಕಾ? ಹಾಗೇ ಇನ್ನೊಂದು. ಆ ಪೀಟರ್ ಅನ್ನುವವನು ಯಾಕೆ ಸದಾ ಚಾಕು ತೆಗೆದು ಮುಚ್ಚಿ ಮಾಡುತ್ತಿರುತ್ತಾನೆ?"

ಉತ್ತರ: ನಿಮ್ಮ ಪತ್ರ ಓದಿ ಮೊದಲು ಸ್ವಲ್ಪ ನಾಚಿಕೆಯಾಯಿತು. ಆ ಗೈಡಿನ ವಾಕ್ಯ ಇದೆಯಲ್ಲ, ಅದನ್ನು ನಾನೇ ಡಿಗ್ರಿ ಕ್ಲಾಸಿನಲ್ಲಿ ಹತ್ತು ವರ್ಷ ನೋಟ್ಸ್ ಕೊಟ್ಟಿದ್ದೇನೆ. ಪರೀಕ್ಷೆಯಲ್ಲಿ ಬರೆದವರಿಗೆ ಮಾರ್ಕ್ಸೂ ಹಾಕಿದ್ದೇನೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಮೌಲ್ಯ ನಾಶವಾದರೆ ಪೂರ್ಣವಿರಾಮ ಯಾಕೆ ಹೋಗಬೇಕು?" ಅಂತ ಕೇಳಿದಳು. ಕ್ಲಾಸೆಲ್ಲ ನಕ್ಕಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವು ಕೇಳುತ್ತಿರುವುದೂ ಅದನ್ನೇ. ಯುದ್ಧ ಅನ್ನೋದು ಎಲ್ಲೋ ಫ್ರಾನ್ಸಿನ ಕೆಸರಿನಲ್ಲಿ ನಡೆದದ್ದು. ಅದು ಲಂಡನ್ನಿನಲ್ಲಿ ಕೂತ ಹೆಂಗಸಿನ ವಾಕ್ಯದೊಳಗೆ ಹೇಗೆ ಬಂತು?

ಮೊದಲು ತಾರೀಕು ನೋಡೋಣ, ಗೈಡಿನ ಮಾತು ಅಲ್ಲೇ ಅರ್ಧ ಬಿದ್ದುಹೋಗುತ್ತದೆ. ಯುದ್ಧ ಶುರುವಾದದ್ದು 1914ರ ಜುಲೈ ಕೊನೆ, ಆಗಸ್ಟ್ ಮೊದಲ ವಾರ. ಮನುಷ್ಯ ಬೆಳಿಗ್ಗೆ ಎದ್ದಾಗ ಹುಳುವಾಗಿರುವ ಕಥೆಯನ್ನು ಕಾಫ್ಕಾ ಬರೆದದ್ದು 1912ರಲ್ಲಿ. ಪ್ರೂಸ್ತನ ಮಹಾಕಾದಂಬರಿಯ ಮೊದಲ ಸಂಪುಟ ಬಂದದ್ದು 1913ರ ನವೆಂಬರಿನಲ್ಲಿ, ಅದೂ ಅವನೇ ಕೈಯಿಂದ ದುಡ್ಡು ಹಾಕಿ. ಜೇಮ್ಸ್ ಜಾಯ್ಸನ 'ಡಬ್ಲಿನರ್ಸ್' 1914ರ ಜೂನಿನಲ್ಲಿ. ಮನಸ್ಸಿನಲ್ಲಿ ಓಡುವ ಯೋಚನೆಯನ್ನು ಓಡುವ ಹಾಗೇ ಬರೆಯುವುದನ್ನು 'ಪ್ರಜ್ಞಾ ಪ್ರವಾಹ' ಅಂತ ನಾವು ಪಾಠ ಮಾಡುತ್ತೇವಲ್ಲ, ಆ ಮಾತನ್ನು ಬಳಕೆಗೆ ತಂದದ್ದು ವಿಲಿಯಂ ಜೇಮ್ಸ್ ಅನ್ನುವ ಮನಶ್ಶಾಸ್ತ್ರಜ್ಞನ 1890ರ ಪುಸ್ತಕ. ಸ್ವತಃ ವುಲ್ಫ್ "1910ರ ಡಿಸೆಂಬರ್ ಸುಮಾರಿಗೆ ಮನುಷ್ಯನ ಸ್ವಭಾವ ಬದಲಾಯಿತು" ಅಂತ ಬರೆದಳು. ಅದಕ್ಕೆ ಕೊಟ್ಟ ಉದಾಹರಣೆ ಫಿರಂಗಿಯಲ್ಲ, ಅಡುಗೆಯವಳು. ಹಿಂದಿನ ಕಾಲದ ಅಡುಗೆಯವಳು ನೆಲಮಾಳಿಗೆಯಲ್ಲೇ ಇರುತ್ತಿದ್ದಳು, ಈಗಿನವಳು ಪೇಪರ್ ಕೇಳಿಕೊಂಡು ಹಜಾರಕ್ಕೇ ಬರುತ್ತಾಳೆ, ಅಂತ. ಅಂದರೆ ಹೊಸ ಬರವಣಿಗೆಯ ಹತಾರುಗಳು ಯುದ್ಧಕ್ಕೆ ಮೊದಲೇ ತಯಾರಾಗಿದ್ದವು. ಬೇಕು ಅನ್ನಿಸಿದ್ದು ಮಾತ್ರ ಕೆಲವೇ ಜನಕ್ಕೆ.

ಹಾಗಾದರೆ ಯುದ್ಧ ಮಾಡಿದ್ದೇನು? ಇದಕ್ಕೆ ವುಲ್ಫ್‌ಳ ಪುಸ್ತಕಗಳನ್ನೇ ಸಾಲಾಗಿ ಇಟ್ಟು ನೋಡಬೇಕು. ಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಅವಳ 'ನೈಟ್ ಅಂಡ್ ಡೇ' ಬಂತು. ದಪ್ಪ ಕಾದಂಬರಿ. ಪ್ರೇಮ, ನಿಶ್ಚಿತಾರ್ಥ, ಮನಸ್ತಾಪ, ಮತ್ತೆ ಒಂದಾಗುವುದು. ನಿಮಗೆ ಅದು ಖಂಡಿತ ಓದಿಸಿಕೊಂಡು ಹೋಗುತ್ತದೆ. ಅದರಲ್ಲಿ ಯುದ್ಧದ ಸುಳಿವೇ ಇಲ್ಲ. ಅವಳ ಗೆಳತಿ, ಪ್ರತಿಸ್ಪರ್ಧಿ ಎರಡೂ ಆಗಿದ್ದ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದಳು. ಅಲ್ಲಿ ಸ್ವಲ್ಪ ಮರ್ಯಾದೆಯಿಂದಲೇ ಚುಚ್ಚಿದಳು. ಗಂಡನಿಗೆ ಬರೆದ ಕಾಗದದಲ್ಲಿ ಮಾತ್ರ ಬಿಚ್ಚಿ ಹೇಳಿದಳು: ಯುದ್ಧ ಆಗಲೇ ಇಲ್ಲ ಅನ್ನುತ್ತದೆ ಈ ಪುಸ್ತಕ, ಇದು ಆತ್ಮದೊಳಗಿನ ಸುಳ್ಳು ಅಂತ. ಮ್ಯಾನ್ಸ್‌ಫೀಲ್ಡ್‌ಳ ಒಬ್ಬನೇ ತಮ್ಮ 1915ರಲ್ಲಿ ಬೆಲ್ಜಿಯಂನಲ್ಲಿ ಕೈಬಾಂಬಿನ ತರಬೇತಿಯ ವೇಳೆ ಸತ್ತಿದ್ದ. ಹಾಗಾಗಿ ಇದನ್ನು ಬರೀ ಹೊಟ್ಟೆಕಿಚ್ಚು ಅಂತ ತಳ್ಳಿಹಾಕುವ ಹಾಗಿಲ್ಲ.

ಮೂರು ವರ್ಷ ಬಿಟ್ಟು, 1922ರಲ್ಲಿ, ವುಲ್ಫ್ 'ಜೇಕಬ್ಸ್ ರೂಮ್' ತಂದಳು. ಜೇಕಬ್ ಅನ್ನುವ ಹುಡುಗ ಬೆಳೆಯುತ್ತಾನೆ, ಕೇಂಬ್ರಿಜ್‌ನಲ್ಲಿ ಓದುತ್ತಾನೆ, ಗ್ರೀಸಿಗೆ ಹೋಗುತ್ತಾನೆ. ಅವನ ಮನೆತನದ ಹೆಸರು ಫ್ಲ್ಯಾಂಡರ್ಸ್. ಲಕ್ಷಗಟ್ಟಲೆ ಹುಡುಗರು ಸತ್ತ ಯುದ್ಧಭೂಮಿಯ ಹೆಸರು ಅದು, ಆಗಿನ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತಾಗಿರಬೇಕು. ಅವನು ಹೇಗೆ ಸತ್ತ ಅಂತ ಪುಸ್ತಕ ಹೇಳುವುದಿಲ್ಲ. ಕೊನೇ ಪುಟದಲ್ಲಿ ಅವನ ಖಾಲಿ ರೂಮು. ಕಾಗದಪತ್ರ ಎಲ್ಲ ಹರಡಿಕೊಂಡು ಬಿದ್ದಿದೆ, ಈಗ ಬಂದುಬಿಡುತ್ತಾನೆ ಅನ್ನುವ ಹಾಗೆ. ಒಳಗಿನಿಂದ ಅವನ ತಾಯಿ ಬರುತ್ತಾಳೆ. "ಇವನ್ನ ಏನು ಮಾಡಲಿ?" ಅಂತ ಮಗನ ಗೆಳೆಯನನ್ನು ಕೇಳುತ್ತಾಳೆ. ಕೈಯಲ್ಲಿ ಜೇಕಬನ ಹಳೇ ಶೂಗಳು. ಪುಸ್ತಕ ಮುಗಿಯಿತು.

ಡಿಕನ್ಸ್ ಓದಿ ಅತ್ತವರು ನೀವು, ನಿಮಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಡಿಕನ್ಸ್‌ನಲ್ಲಿ ಸಾಯುವವರಿಗೆ ಒಂದು ಮಂಚ ಇರುತ್ತದೆ. ಸುತ್ತ ನಾಲ್ಕು ಜನ ಇರುತ್ತಾರೆ. ಸಾಯುವವರು ಕೊನೇ ಮಾತು ಆಡುತ್ತಾರೆ, ಉಳಿದವರು ಕ್ಷಮೆ ಕೇಳುತ್ತಾರೆ, ಲೇಖಕನೂ ಎರಡು ಮಾತು ಸೇರಿಸುತ್ತಾನೆ. ನಮ್ಮ ಕಡೆ ಬಾಯಿಗೆ ತುಳಸಿ ನೀರು ಬಿಡುವ ಹಾಗೆ, ಕಾದಂಬರಿ ಆ ಸಾವಿಗೆ ಮಾಡಬೇಕಾದ್ದನ್ನೆಲ್ಲ ಮಾಡಿ ಕಳಿಸುತ್ತದೆ. ಈ ಯುದ್ಧದಲ್ಲಿ ಅದು ಸಾಧ್ಯವೇ ಇರಲಿಲ್ಲ. 1916ರ ಜುಲೈ 1ರಂದು, ಸೋಮ್ ನದಿಯ ಹತ್ತಿರ, ಒಂದೇ ದಿನದಲ್ಲಿ 19,240 ಬ್ರಿಟಿಷ್ ಸೈನಿಕರು ಸತ್ತರು. ಹೆಣಗಳನ್ನು ಊರಿಗೆ ತರಬಾರದು ಅಂತ ಸರ್ಕಾರವೇ ತೀರ್ಮಾನ ಮಾಡಿತ್ತು. ಎಷ್ಟೋ ಜನರ ಹೆಣ ಸಿಗಲೂ ಇಲ್ಲ. ಫ್ರಾನ್ಸಿನ ಥೀಪ್‌ವಾಲ್‌ನಲ್ಲಿರುವ ಸ್ಮಾರಕದ ಮೇಲೆ ಹೀಗೆ ಸಿಗದೇ ಹೋದ 72,000ಕ್ಕೂ ಜಾಸ್ತಿ ಜನರ ಹೆಸರು ಕೆತ್ತಿದ್ದಾರೆ. ಮನೆಯವರ ಪಾಲಿಗೆ ಬಂದದ್ದು ಒಂದು ತಂತಿ ಇಲ್ಲವೇ ಒಂದು ಅಚ್ಚಾದ ಕಾಗದ, ಆಮೇಲೆ ಒಂದು ಕಟ್ಟು ಬಟ್ಟೆಬರೆ. ಅದಕ್ಕೇ ಕೊನೇ ಪುಟದಲ್ಲಿ ಶೂ.

ನೀವು ಅಂಚೆಯವರು, ಅದಕ್ಕೆ ನಿಮಗೆ ಇನ್ನೊಂದು ವಸ್ತು ತೋರಿಸಬೇಕು. ಯುದ್ಧಭೂಮಿಯ ಬ್ರಿಟಿಷ್ ಸೈನಿಕರಿಗೆ ಒಂದು ಅಚ್ಚಾದ ಕಾರ್ಡು ಕೊಡುತ್ತಿದ್ದರು. ಅದರಲ್ಲಿ ವಾಕ್ಯಗಳು ಮೊದಲೇ ಇದ್ದವು. 'ನಾನು ಚೆನ್ನಾಗಿದ್ದೇನೆ.' 'ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ', ಅದರ ಕೆಳಗೆ 'ಕಾಯಿಲೆ', 'ಗಾಯ', ಪಕ್ಕದಲ್ಲೇ 'ಚೇತರಿಸಿಕೊಳ್ಳುತ್ತಿದ್ದೇನೆ'. 'ನಿಮ್ಮ ಕಾಗದ ಬಂತು.' ಬೇಡದ್ದನ್ನು ಹೊಡೆದುಹಾಕಿ ಸಹಿ, ತಾರೀಕು ಹಾಕಬೇಕು. ಬೇರೆ ಒಂದಕ್ಷರ ಬರೆದರೂ ಕಾರ್ಡನ್ನು ನಾಶ ಮಾಡಲಾಗುವುದು ಅಂತ ಮೇಲೇ ಅಚ್ಚಾಗಿತ್ತು. ನಮ್ಮಲ್ಲೂ ಶುಭಾಶಯದ ತಂತಿಗೆ ನಂಬರ್ ಹಾಕಿದ ಸಿದ್ಧವಾಕ್ಯಗಳು ಇದ್ದವಲ್ಲ, ಮದುವೆ ಸೀಸನ್ನಿನಲ್ಲಿ ನೀವೇ ಎಷ್ಟು ನೋಡಿಲ್ಲ! ಅದು ಸಂತೋಷಕ್ಕೆ, ನಡೆಯುತ್ತದೆ. ಇಲ್ಲಿ ಕಾಲು ಕಳೆದುಕೊಂಡವನೂ ಅದರಲ್ಲೇ ಒಂದು ವಾಕ್ಯ ಆರಿಸಿಕೊಳ್ಳಬೇಕು. 'ನನಗೆ ಹೆದರಿಕೆ ಆಗ್ತಿದೆ' ಅನ್ನುವ ವಾಕ್ಯ ಕಾರ್ಡಿನಲ್ಲಿ ಇರಲಿಲ್ಲ.

ನನ್ನ ಲೆಕ್ಕದಲ್ಲಿ ಯುದ್ಧ ಕೆಡಿಸಿದ್ದು ಇದನ್ನು. ಮೌಲ್ಯ ಅನ್ನೋದು ದೊಡ್ಡ ಮಾತು, ಅದನ್ನು ಪಕ್ಕಕ್ಕಿಡಿ. ಕೆಟ್ಟದ್ದು ಸಿದ್ಧವಾಕ್ಯ. ವೀರಮರಣ, ತ್ಯಾಗ, ಗೌರವ ಇಂಥ ಮಾತುಗಳು ಪೋಸ್ಟರಿನಲ್ಲಿ, ಪೇಪರಿನಲ್ಲಿ, ಚರ್ಚಿನಲ್ಲಿ ಉಜ್ಜಿ ಉಜ್ಜಿ ಸವೆದವು. ಇಟಲಿಯ ರಣರಂಗದಲ್ಲಿ ಗಾಯಗೊಂಡಿದ್ದ ಹೆಮಿಂಗ್ವೆ 1929ರ ಕಾದಂಬರಿಯಲ್ಲಿ ಇದನ್ನೇ ಹೇಳಿಸುತ್ತಾನೆ. ಆ ದೊಡ್ಡ ಮಾತುಗಳೆಲ್ಲ ಅಸಹ್ಯವಾಗಿ ಕೇಳುತ್ತವೆ, ಹಳ್ಳಿಗಳ ಹೆಸರು, ರಸ್ತೆಯ ನಂಬರು, ತಾರೀಕು ಇವಕ್ಕೆ ಮಾತ್ರ ಇನ್ನೂ ಮಾನ ಉಳಿದಿದೆ, ಅಂತ.

ಇದರಲ್ಲಿ ಹಿರಿಯ ಕಾದಂಬರಿಕಾರರ ಪಾಲೂ ಇದೆ. 1914ರ ಸೆಪ್ಟೆಂಬರ್ 2ರಂದು ಲಂಡನ್ನಿನ ವೆಲಿಂಗ್ಟನ್ ಹೌಸ್‌ನಲ್ಲಿ ಸರ್ಕಾರ ಒಂದು ಗುಟ್ಟಿನ ಸಭೆ ಕರೆಯಿತು. ಯುದ್ಧದ ಪರ ಬರೆಯಲು ಲೇಖಕರನ್ನು ಸೇರಿಸುವುದಕ್ಕೆ. ಅಲ್ಲಿ ಎಚ್.ಜಿ. ವೆಲ್ಸ್, ಆರ್ನಾಲ್ಡ್ ಬೆನೆಟ್, ಜಾನ್ ಗಾಲ್ಸ್‌ವರ್ದಿ ಮೂವರೂ ಇದ್ದರು. ಐದು ವರ್ಷ ಬಿಟ್ಟು ವುಲ್ಫ್ ಹೊಸ ಕಾದಂಬರಿ ಹೇಗಿರಬೇಕು ಅಂತ ಬರೆದಾಗ ಹೆಸರು ಹಿಡಿದು ಬೈದದ್ದು ಇದೇ ಮೂವರನ್ನು. ಅವಳು ಆ ಸಭೆಯ ಮಾತು ಎತ್ತಿಲ್ಲ, ಅದು ಗುಟ್ಟಾಗೇ ಇತ್ತು. ಅವಳ ತಕರಾರು ಬೇರೆ. ಇವರು ಮನೆಯ ಬಾಡಿಗೆ, ಕೋಟಿನ ಗುಂಡಿ ಎಲ್ಲ ಹೇಳುತ್ತಾರೆ, ಆ ಮನೆಯಲ್ಲಿರುವ ಜೀವ ಮಾತ್ರ ಕೈಗೆ ಸಿಗುವುದಿಲ್ಲ ಅಂತ. ಬೆನೆಟ್ ಕೂಡ ಸುಮ್ಮನಿರಲಿಲ್ಲ. ವುಲ್ಫ್‌ಳ ಪಾತ್ರಗಳು ಮನಸ್ಸಿನಲ್ಲಿ ಉಳಿಯುವುದೇ ಇಲ್ಲ ಅಂದ. ನಿಮ್ಮ ದೂರೂ ಸುಮಾರು ಅದೇ ಅಲ್ವಾ? ಅಂದರೆ ನಿಮ್ಮದು ದಡ್ಡತನ ಅಲ್ಲ, ನೂರು ವರ್ಷದ ಹಳೇ ಜಗಳದಲ್ಲಿ ನೀವು ಬೆನೆಟ್‌ನ ಪಕ್ಷ. ಗೌರವದ ಪಕ್ಷವೇ.

ಇನ್ನೊಂದು ಕಾರಣ ಯಾವ ಗೈಡಿನಲ್ಲೂ ಇರುವುದಿಲ್ಲ. 1917ರಲ್ಲಿ ವುಲ್ಫ್ ದಂಪತಿ ಒಂದು ಕೈಪ್ರೆಸ್ ಕೊಂಡು ಮನೆಯಲ್ಲೇ ಇಟ್ಟರು. ಅವಳೇ ಅಚ್ಚಿನ ಮೊಳೆ ಜೋಡಿಸುತ್ತಿದ್ದಳು. 'ಜೇಕಬ್ಸ್ ರೂಮ್'ನಿಂದ ಮುಂದೆ ಅವಳ ಕಾದಂಬರಿಗಳೆಲ್ಲ ಅವರದೇ ಪ್ರಕಾಶನದಲ್ಲಿ ಬಂದವು. ಅಧ್ಯಾಯ ಎಲ್ಲಿ, ಕಥೆ ಎಲ್ಲಿ ಅಂತ ಕೇಳುವ ಸಂಪಾದಕ ಇಲ್ಲ. ಅದೇ ಪ್ರೆಸ್ಸಿನಲ್ಲಿ 1918ರಲ್ಲಿ ಅವರು ಒಂದು ಪುಟ್ಟ ಕವನ ಪುಸ್ತಕ ಅಚ್ಚು ಮಾಡಿದರು. ಕವಿ ಸೆಸಿಲ್ ವುಲ್ಫ್, ಅವಳ ಮೈದುನ. ಹಿಂದಿನ ವರ್ಷ ಯುದ್ಧದಲ್ಲಿ ಶೆಲ್ ಬಿದ್ದು ಸತ್ತಿದ್ದ. ಅದೇ ಶೆಲ್ಲಿನಿಂದ ಇನ್ನೊಬ್ಬ ಮೈದುನನಿಗೂ ಗಾಯವಾಗಿತ್ತು.

ಈಗ ಈ ಒಂದು ವಾಕ್ಯ ನೋಡಿ. 1927ರ 'ಟು ದ ಲೈಟ್‌ಹೌಸ್' ಕಾದಂಬರಿಯ ನಡುವಿನ ಭಾಗದಲ್ಲಿ ಹತ್ತು ವರ್ಷ ಕಳೆದುಹೋಗುತ್ತದೆ. ಸಮುದ್ರದ ದಂಡೆಯ ಖಾಲಿ ಮನೆ. ಗಾಳಿ, ಧೂಳು, ಗೋಡೆಯ ತೇವ. ಪುಟಗಟ್ಟಲೆ ಬರೀ ಇದೇ. ಮಧ್ಯದಲ್ಲಿ, ಚೌಕ ಬ್ರಾಕೆಟ್ಟಿನೊಳಗೆ, ಎರಡು ಸಾಲು. ಅದರ ಸಾರ ಇಷ್ಟು: ಒಂದು ಶೆಲ್ ಸಿಡಿಯಿತು, ಫ್ರಾನ್ಸಿನಲ್ಲಿ ಇಪ್ಪತ್ತೋ ಮೂವತ್ತೋ ಹುಡುಗರು ಛಿದ್ರವಾದರು, ಅವರಲ್ಲಿ ಆಂಡ್ರೂ ರಾಮ್ಸೆಯೂ ಒಬ್ಬ, ಪುಣ್ಯಕ್ಕೆ ಸಾವು ತಕ್ಷಣ ಬಂತು. ಬ್ರಾಕೆಟ್ ಮುಗಿಯಿತು. ಮತ್ತೆ ಗಾಳಿ, ಧೂಳು.

ಈ ಆಂಡ್ರೂ ಮೊದಲ ಭಾಗದಲ್ಲಿ ನಾವು ನೋಡಿದ ಹುಡುಗ. ಲೆಕ್ಕದಲ್ಲಿ ಬಹಳ ಜಾಣ. ಅವನ ಮೇಲೆ ಮನೆಯವರೆಲ್ಲ ಆಸೆ ಇಟ್ಟಿದ್ದರು. ಅವನ ಸಾವಿನ ವಾಕ್ಯದಲ್ಲಿ ಲೆಕ್ಕವೇ ಸರಿ ಇಲ್ಲ. 'ಇಪ್ಪತ್ತೋ ಮೂವತ್ತೋ.' ಎಣಿಸಿದವರು ಯಾರು? 'ಪುಣ್ಯಕ್ಕೆ ತಕ್ಷಣ' ಅನ್ನೋದು ಮೇಲಧಿಕಾರಿಗಳು ತಾಯಂದಿರಿಗೆ ಬರೆಯುತ್ತಿದ್ದ ಸಾಂತ್ವನದ ಕಾಗದದ ಮಾತು. ನಿಜ ಇರಲಿ ಬಿಡಲಿ, ಎಲ್ಲರಿಗೂ ಅದೇ ಬರೆಯುತ್ತಿದ್ದರು. ಅಂದರೆ ಸಿದ್ಧವಾಕ್ಯವನ್ನು ವುಲ್ಫ್ ಎಸೆದಿಲ್ಲ. ಎತ್ತಿ ಬ್ರಾಕೆಟ್ಟಿನೊಳಗೆ ಇಟ್ಟಿದ್ದಾಳೆ, ನೋಡಿ ನಮಗೆ ಬಂದದ್ದು ಇಷ್ಟೇ ಅನ್ನುವ ಹಾಗೆ. ನಾನು ಇದನ್ನು ಪಾಠ ಮಾಡುವಾಗ ಪ್ರತಿ ವರ್ಷ ಈ ಸಾಲಿನ ನಂತರ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದೆ. ನಿವೃತ್ತಿಯ ವರ್ಷ ಹೊಳೆಯಿತು, ನಿಲ್ಲಿಸಬಾರದು ಅಂತ. ಪುಸ್ತಕವೇ ನಿಲ್ಲುವುದಿಲ್ಲವಲ್ಲ.

ಸಂಪ್ರದಾಯ ತೊರೆದರು ಅನ್ನುವ ಮಾತಿಗೆ ಬೇಗ ಉತ್ತರ ಹೇಳಿಬಿಡುತ್ತೇನೆ. ತೊರೆಯಲಿಲ್ಲ. 1922ರ 'ಯುಲಿಸಿಸ್' ಡಬ್ಲಿನ್ನಿನ ಒಂದು ದಿನದ ಕಥೆ, ಅದರ ಅಡಿಪಾಯ ಹೋಮರನ ಮಹಾಕಾವ್ಯ. ವುಲ್ಫ್ ಹಳೇ ಇಂಗ್ಲಿಷ್ ಸಾಹಿತ್ಯದ ಬಗ್ಗೆ, ಜೇನ್ ಆಸ್ಟಿನ್ ಬಗ್ಗೆ ಎಷ್ಟು ಪ್ರೀತಿಯಿಂದ ಬರೆದಿದ್ದಾಳೆ ಅಂದರೆ, ಆ ಪ್ರಬಂಧಗಳ ಪುಸ್ತಕ ಬಂದದ್ದೂ 'ಮಿಸೆಸ್ ಡಾಲೊವೆ' ಬಂದ 1925ರಲ್ಲೇ. ಅವರು ಬಿಟ್ಟದ್ದು ತೀರಾ ಹತ್ತಿರದವರನ್ನು, ಅಪ್ಪಂದಿರನ್ನು. ಅಜ್ಜಂದಿರ ಜೊತೆ ಚೆನ್ನಾಗೇ ಇದ್ದರು. ಮನೆಗಳಲ್ಲೂ ಹಾಗೇ ಅಲ್ವಾ?

ಸರಿ, ನೀವು ಕೈಬಿಟ್ಟ ಪುಸ್ತಕಕ್ಕೆ ಬರೋಣ. ಯುದ್ಧ ಎಲ್ಲಿದೆ ಅಂತ ಕೇಳಿದಿರಿ. ನೀವು ಓದಿದ ಆ ನಲವತ್ತು ಪುಟದಲ್ಲೇ ಇದೆ. ಹೂ ತರಲು ಹೋಗುವಾಗ ಕ್ಲಾರಿಸಾ, ಅಂದರೆ ಮಿಸೆಸ್ ಡಾಲೊವೆ, ಯುದ್ಧ ಮುಗಿಯಿತು ಅಂದುಕೊಳ್ಳುತ್ತಾಳೆ, ತಕ್ಷಣ 'ಆದರೆ' ಅನ್ನುತ್ತಾಳೆ. ಆದರೆ ಮಗ ಸತ್ತ ದುಃಖದಲ್ಲಿ ಕೊರಗುವ ಆ ತಾಯಿ. ಆದರೆ ಲೇಡಿ ಬೆಕ್ಸ್‌ಬರೊ. ಆಕೆ ಒಂದು ಬಜಾರಿನ ಉದ್ಘಾಟನೆ ಮಾಡಿದಳಂತೆ, ಕೈಯಲ್ಲಿ ತಂತಿ ಹಿಡಿದುಕೊಂಡೇ. ಪ್ರೀತಿಯ ಮಗ ಸತ್ತ ಸುದ್ದಿ ಅದರಲ್ಲಿತ್ತು. ಕ್ಲಾರಿಸಾ ಅವಳನ್ನು ಮೆಚ್ಚಿಕೊಳ್ಳುತ್ತಾಳೆ. ಓದುವ ನಮಗೆ ಎದೆ ಝಲ್ಲೆನ್ನುತ್ತದೆ. ಎಷ್ಟೋ ಮನೆಗೆ ಅಂಥ ತಂತಿ ಕೊಟ್ಟುಬಂದ ನಿಮಗೆ ಆ ಅರ್ಧ ವಾಕ್ಯ ನನಗಿಂತ ಚೆನ್ನಾಗಿ ಅರ್ಥವಾಗಬೇಕು.

ಇನ್ನು ಸೆಪ್ಟಿಮಸ್. ನೀವು ಅವನನ್ನು ಪಾರ್ಕಿನಲ್ಲಿ ಕೂತ ಯಾರೋ ಹುಚ್ಚ ಅಂತ ದಾಟಿ ಬಂದಿರಬಹುದು. ಇಡೀ ಕಥೆ ಅವನದೇ. ಶೇಕ್ಸ್‌ಪಿಯರ್ ಓದುವ ಹುಡುಗ. ಅವನ ಪಾಲಿಗೆ ಇಂಗ್ಲೆಂಡ್ ಅಂದರೆ ಶೇಕ್ಸ್‌ಪಿಯರನ ನಾಟಕ ಮತ್ತು ಪಾಠ ಹೇಳಿದ ಒಬ್ಬ ಮಿಸ್. ಅದನ್ನು ಉಳಿಸಲು ಮೊದಲ ಸಾಲಿನಲ್ಲೇ ಸೈನ್ಯಕ್ಕೆ ಸೇರಿದ. ಯುದ್ಧ ಮುಗಿಯಲು ಇನ್ನೇನು ಸ್ವಲ್ಪ ಇದೆ ಅನ್ನುವಾಗ ಜೀವದ ಗೆಳೆಯ ಇವಾನ್ಸ್ ಸತ್ತ. ಸೆಪ್ಟಿಮಸ್‌ಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲ ಅಂತ ಖುಷಿಯೂ ಪಟ್ಟ, ಗಂಡಸಾದೆ ಅಂತ. ಐದು ವರ್ಷ ಆದ ಮೇಲೆ, 1923ರ ಜೂನಿನ ಆ ಬುಧವಾರ, ಇವಾನ್ಸ್ ಮರದ ಹಿಂದಿನಿಂದ ಮಾತಾಡುತ್ತಿದ್ದಾನೆ. ಹಕ್ಕಿಗಳು ಗ್ರೀಕ್ ಭಾಷೆಯಲ್ಲಿ ಹಾಡುತ್ತಿವೆ. ಒಬ್ಬ ಡಾಕ್ಟರು ನಿನಗೇನೂ ಆಗಿಲ್ಲ, ಹೊರಗೆ ಓಡಾಡು ಅನ್ನುತ್ತಾನೆ. ಇನ್ನೊಬ್ಬ ದೊಡ್ಡ ಡಾಕ್ಟರು ಹೆಂಡತಿಯಿಂದ ಬೇರೆ ಮಾಡಿ ವಿಶ್ರಾಂತಿಗೆ ಕಳಿಸು ಅನ್ನುತ್ತಾನೆ. ಇಂಥ ಡಾಕ್ಟರುಗಳನ್ನು ವುಲ್ಫ್ ಸ್ವತಃ ಅನುಭವಿಸಿದ್ದಳು. ಕೊನೆಗೆ ಮೊದಲ ಡಾಕ್ಟರು ಮೆಟ್ಟಿಲು ಹತ್ತಿ ಬರುವಾಗ ಸೆಪ್ಟಿಮಸ್ ಕಿಟಕಿಯಿಂದ ಹಾರುತ್ತಾನೆ. ಡಾಕ್ಟರ ಬಾಯಿಂದ ಬರುವ ಮಾತು: "ಹೇಡಿ!"

ಆಗಿನ ಓದುಗರಿಗೆ ಆ ಒಂದು ಪದ ಬರೀ ಬೈಗುಳ ಆಗಿರಲಿಲ್ಲ. ಹೇಡಿತನ, ಸೈನ್ಯ ಬಿಟ್ಟು ಓಡಿದ್ದು ಇಂಥ ಆರೋಪಗಳ ಮೇಲೆ ಬ್ರಿಟನ್ ತನ್ನದೇ ಸೈನಿಕರನ್ನು ನಿಲ್ಲಿಸಿ ಗುಂಡು ಹೊಡೆದಿತ್ತು. ಹಾಗೆ ಸತ್ತ 306 ಜನರಿಗೆ ಸರ್ಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಮನಸ್ಸು ಕೆಟ್ಟವರು ಎಷ್ಟು ಅಂತ ಆಗ ಯಾರೂ ಸರಿಯಾಗಿ ಕೇಳಿರಲಿಲ್ಲ.

ಸೆಪ್ಟಿಮಸ್, ಕ್ಲಾರಿಸಾ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಆ ದೊಡ್ಡ ಡಾಕ್ಟರು ಸಂಜೆ ಪಾರ್ಟಿಗೆ ತಡವಾಗಿ ಬಂದು, ಒಬ್ಬ ಹುಡುಗ ಪ್ರಾಣ ತೆಗೆದುಕೊಂಡ, ಅದಕ್ಕೇ ಲೇಟಾಯಿತು ಅನ್ನುವ ಹಾಗೆ ಸುದ್ದಿ ತರುತ್ತಾರೆ. 'ನನ್ನ ಪಾರ್ಟಿಯ ನಡುವೆ ಸಾವು' ಅಂದುಕೊಳ್ಳುತ್ತಾಳೆ ಕ್ಲಾರಿಸಾ. ಮೊದಲ ಯೋಜನೆಯಲ್ಲಿ ಸೆಪ್ಟಿಮಸ್ ಇರಲೇ ಇಲ್ಲ, ಸಾಯಬೇಕಾಗಿದ್ದವಳು ಕ್ಲಾರಿಸಾನೇ ಅಂತ ವುಲ್ಫ್ ಆಮೇಲೆ ಮುನ್ನುಡಿಯಲ್ಲಿ ಹೇಳಿದ್ದಾಳೆ. ಇಷ್ಟು ಗೊತ್ತಾದರೆ ಪುಸ್ತಕ ಯಾಕೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾರುತ್ತದೆ ಅನ್ನೋದು ಅರ್ಥವಾಗುತ್ತದೆ. ಇವರಿಬ್ಬರನ್ನೂ ಒಂದು ಕೋಣೆಗೆ ತರುವ ಹಳೇ ಮಾದರಿಯ ಕಥೆ ಇಲ್ಲ. ಒಂದೇ ಊರಲ್ಲಿ, ಒಂದೇ ಗಡಿಯಾರದ ಸದ್ದಿನ ಕೆಳಗೆ ಇದ್ದರೂ ಸತ್ತವನಿಗೂ ಬದುಕಿದವರಿಗೂ ಪರಿಚಯವಿಲ್ಲ.

ನಮ್ಮ ನವ್ಯದ ಮಾತು. ನಮಗೆ ಯುದ್ಧ ಮುಟ್ಟಲೇ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. 1918ರಲ್ಲಿ ಪ್ಯಾಲೆಸ್ಟೈನಿನ ಹೈಫಾ ಊರು ಹಿಡಿದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಆದರೆ ನಮ್ಮ ಸಾಹಿತ್ಯದ ಮೇಲೆ ಅದರ ಗಾಯ ಕಾಣಲ್ಲ. ಇಂಗ್ಲಿಷ್ ಕಾದಂಬರಿ ಒಡೆಯುತ್ತಿದ್ದ ಅದೇ 1920ರ ದಶಕದಲ್ಲಿ ನಮ್ಮ ಬಿಎಂಶ್ರೀ ಹಳೇ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸ ಉಸಿರು ಕೊಡುತ್ತಿದ್ದರು. ನಮ್ಮ ಒಡಕು ಬಂದದ್ದು ಸ್ವಾತಂತ್ರ್ಯದ ನಂತರ, ದೊಡ್ಡ ಮಾತುಗಳು ಸವೆದ ಮೇಲೆ. ಅಡಿಗರ ಸಿಟ್ಟು ಅದೇ. ಕಾರಣ ಬೇರೆ, ಸವೆದದ್ದು ಮಾತ್ರ ಅದೇ ಸರಕು. ಹತಾರು ಕೆಲವು ಆಮದಾದವು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲಿಷ್ ಕಾದಂಬರಿಯ ಮೇಲೆ ಸಂಶೋಧನೆ ಮಾಡುತ್ತಲೇ 'ಸಂಸ್ಕಾರ' ಬರೆದರು. ಆದರೆ ನೋಡಿ, ಇಂಗ್ಲೆಂಡಿನಲ್ಲಿ ಅಳಲು ಮನೆಯವರಿದ್ದರು, ಹೆಣ ಇರಲಿಲ್ಲ. 'ಸಂಸ್ಕಾರ'ದಲ್ಲಿ ಹೆಣ ಅಗ್ರಹಾರದ ನಡುವೆ ಬಿದ್ದಿದೆ, ಕರ್ಮ ಮಾಡುವವರಿಲ್ಲ. ಸಾಲ ತಂದ ಹತಾರಿನಿಂದ ನಮ್ಮದೇ ಗಂಟು ಬಿಚ್ಚಿದ್ದು ಅದು. ಅಂಥ ಹೆಣ ಇಲ್ಲದೆ ಬರೀ ತಲೆಯೊಳಗಿನ ಬಡಬಡಿಕೆ ಬರೆದ ನವ್ಯ ಕಥೆಗಳೂ ಬೇಕಾದಷ್ಟಿವೆ. ಅವುಗಳಿಂದ ಬೇಸರವಾದರೆ ತಪ್ಪು ನಿಮ್ಮದಲ್ಲ.

ಈಗ ಏನು ಮಾಡಬಹುದು ನೋಡೋಣ. ಅದೇ ಪುಸ್ತಕವನ್ನು ಮೊದಲಿಂದ ಶುರು ಮಾಡಬಹುದು. ನನ್ನ ಮನಸ್ಸು ಈ ಕಡೆಗೇ. ಅಧ್ಯಾಯ ಇಲ್ಲ ಅಂದಿರಿ, ಆದರೆ ಗಂಟೆ ಇದೆ. ಲಂಡನ್ನಿನ ದೊಡ್ಡ ಗಡಿಯಾರ ಬಿಗ್ ಬೆನ್ ಹೊಡೆದಾಗೆಲ್ಲ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಮಯ ಬರೆದುಕೊಳ್ಳಿ. ಒಂದು ಚೀಟಿಯಲ್ಲಿ ಹೆಸರುಗಳನ್ನು ಬರೆದಿಡಿ. ತೊಡಕಾದಲ್ಲಿ ಗಟ್ಟಿಯಾಗಿ ಓದಿ, ವಾಕ್ಯ ಕಣ್ಣಿಗಿಂತ ಕಿವಿಗೆ ಬೇಗ ಬಿಚ್ಚಿಕೊಳ್ಳುತ್ತದೆ. ದಿನಕ್ಕೆ ನಾಲ್ಕು ಪುಟದ ಹಾಗೆ ಮಾತ್ರ ಓದಬೇಡಿ. ಒಂದೇ ದಿನದ ಕಥೆ ಅದು, ಎಳೆದರೆ ಹರಿದುಹೋಗುತ್ತದೆ. ನಾಲ್ಕೈದು ಸಲ ದೀರ್ಘವಾಗಿ ಕೂತು ಮುಗಿಸಿ. ಅಪಾಯ ಏನಂದರೆ, ಮತ್ತೆ ಅದೇ ನಲವತ್ತನೇ ಪುಟದಲ್ಲಿ ಸಿಟ್ಟು ಬರಬಹುದು. ಬಂದರೆ ಆರು ತಿಂಗಳು ಮುಟ್ಟಬೇಡಿ.

ಅಷ್ಟು ಧೈರ್ಯ ಇಲ್ಲ ಅಂದರೆ ರೆಬೆಕ್ಕಾ ವೆಸ್ಟ್‌ಳ 'ದ ರಿಟರ್ನ್ ಆಫ್ ದ ಸೋಲ್ಜರ್' ಹಿಡಿಯಿರಿ. 1918ರ ಸಣ್ಣ ಕಾದಂಬರಿ. ಯುದ್ಧದಿಂದ ಮರಳಿದ ಗಂಡನಿಗೆ ಹಿಂದಿನ 15 ವರ್ಷ ಮರೆತೇಹೋಗಿದೆ, ಹೆಂಡತಿಯೂ ಮರೆತುಹೋಗಿದ್ದಾಳೆ. ಹಳೇ ಪ್ರೇಯಸಿ ಮಾತ್ರ ನೆನಪಿದ್ದಾಳೆ. ಗೋಡೆ ಹಳೇ ಕಾದಂಬರಿಯದು, ಬಿರುಕು ಹೊಸದು. ತ್ರಿವೇಣಿ ಓದಿದವರಿಗೆ ಕೈಗೆ ಸಿಗುತ್ತದೆ. ಅಪಾಯ? ಇದು ಇಷ್ಟವಾಗಿ ವುಲ್ಫ್ ಇನ್ನೂ ದೂರ ಅನ್ನಿಸಬಹುದು. ಹೆಮಿಂಗ್ವೆಯ 'ಸೋಲ್ಜರ್ಸ್ ಹೋಮ್' ಅನ್ನುವ ಸಣ್ಣಕಥೆಯೂ ಒಳ್ಳೆಯದೇ. ತಡವಾಗಿ ಊರಿಗೆ ಬಂದ ಸೈನಿಕ, ಅವನ ಮಾತು ಕೇಳುವವರಿಲ್ಲ, ಕೇಳಿಸಬೇಕಾದರೆ ಸುಳ್ಳು ಹೇಳಬೇಕು. ಭಾಷೆ ಎಷ್ಟು ಸಲೀಸು ಅಂದರೆ, ಅರ್ಧ ಗಂಟೆಯಲ್ಲಿ ಓದಿ ಏನೂ ಇಲ್ಲ ಅಂತ ಮುಚ್ಚಿಡುವ ಅಪಾಯ ಇದೆ. ತಾಯಿ ಮಾತಾಡುವಾಗ ಅವನು ತಟ್ಟೆಯಲ್ಲಿ ಹೆಪ್ಪುಗಟ್ಟುವ ಕೊಬ್ಬನ್ನು ನೋಡುತ್ತಾ ಕೂತಿರುತ್ತಾನಲ್ಲ, ಆ ಜಾಗದಲ್ಲಿ ನಿಧಾನಿಸಿ.

'ಟು ದ ಲೈಟ್‌ಹೌಸ್'ನ ಆ ಬ್ರಾಕೆಟ್ಟಿನ ಭಾಗ ಮಾತ್ರ ಓದಿಬಿಡೋಣ ಅನ್ನಿಸಿದರೆ, ದಯವಿಟ್ಟು ಬೇಡ. ಮೊದಲ ಭಾಗದಲ್ಲಿ ಅವರ ಜೊತೆ ಊಟ ಮಾಡದೆ ಆ ಸಾವುಗಳು ತಟ್ಟುವುದಿಲ್ಲ. ನಾನೇ ಈಗ ಅರ್ಧ ಹಾಳು ಮಾಡಿದ್ದೇನೆ, ಕ್ಷಮಿಸಿ. 'ಯುಲಿಸಿಸ್' ಈಗಲೇ ಬೇಡ. ಗೈಡನ್ನು ಮಗಳಿಗೇ ಬಿಡಿ, ಪರೀಕ್ಷೆಗೆ ಅವಳಿಗೆ ಬೇಕಾಗುತ್ತದೆ. ಪೂರ್ತಿ ಬಿಟ್ಟು ಕಾರಂತರ ಹತ್ತಿರ ವಾಪಸ್ ಹೋಗುತ್ತೇನೆ ಅಂದರೂ ನಾನು ತಪ್ಪು ಅನ್ನಲ್ಲ. ಅಲ್ಲೂ ಓದುವುದು ಮುಗಿಯುವಂಥದ್ದಲ್ಲ.

ಚಾಕು. ಪೀಟರ್ ಐದು ವರ್ಷ ಭಾರತದಲ್ಲಿದ್ದು ಆಗ ತಾನೇ ಬಂದಿಳಿದವನು. ಊರು ಬದಲಾಗಿದೆ, ಜನ ಬೇರೆ ಥರ ಕಾಣುತ್ತಾರೆ ಅಂತ ಬೀದಿಯಲ್ಲಿ ಗಮನಿಸುವವನು ಅವನೇ. ಇಲ್ಲೇ ಇದ್ದವರಿಗೆ ಅದು ಕಾಣಿಸದು. ನೀವು ಪುಸ್ತಕ ಮುಚ್ಚಿಟ್ಟಿರಲ್ಲ, ಸುಮಾರು ಆ ಜಾಗದಲ್ಲೇ ಅವನು ಹೇಳದೆ ಕೇಳದೆ ಕ್ಲಾರಿಸಾಳ ಮನೆಗೆ ಬರುತ್ತಾನೆ. ಅವಳು ಸಂಜೆಗೆ ಉಡಲು ಹಸಿರು ಉಡುಪಿನ ಹರಿದ ಜಾಗ ಹೊಲಿಯುತ್ತಿರುತ್ತಾಳೆ. ಮದುವೆಯಾಗು ಅಂತ ಹಿಂದೆ ಅವನು ಕೇಳಿದ್ದ, ಅವಳು ಬೇಡ ಅಂದಿದ್ದಳು. ಇಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ. ಅವಳ ಕೈಯಲ್ಲಿ ಸೂಜಿ, ಅವನ ಕೈಯಲ್ಲಿ ಚಾಕು. ಚಾಕು ಕಂಡರೆ ಅವಳಿಗೆ ಕಿರಿಕಿರಿ, ಹದಿನೆಂಟು ವರ್ಷದವಳಾಗಿದ್ದಾಗಲೂ ಅದೇ ಕಿರಿಕಿರಿ. ಸ್ವಲ್ಪ ಹೊತ್ತಿಗೆ ಅವನು ಅತ್ತುಬಿಡುತ್ತಾನೆ. ಆಗ ಬಾಗಿಲು ತೆರೆದು ಮಗಳು ಒಳಗೆ ಬರುತ್ತಾಳೆ, ಬಿಗ್ ಬೆನ್ ಹನ್ನೊಂದೂವರೆ ಹೊಡೆಯುತ್ತದೆ. ಅಂಚಿನಲ್ಲಿ ಮೊದಲ ಸಲ ಪೆನ್ಸಿಲ್ ಇಡುವಾಗ ಮಗಳನ್ನು ಒಂದು ಮಾತು ಕೇಳಿ, ಪುಸ್ತಕ ಲೈಬ್ರರಿಯದೋ ಅವಳದೋ ಅಂತ.